ಬನ್ನೇರುಘಟ್ಟದಲ್ಲಿ ಪ್ರಕೃತಿ, ವಿಜ್ಞಾನದ ಮಾತುಕತೆಯ ದಿನ ಇಟ್ಟುಕೊಳ್ಳುವವರಿಗೆ

ಮಂಗಳವಾರ ಮೃಗಾಲಯ, ಸಫಾರಿ, ಚಿಟ್ಟೆ ಉದ್ಯಾನ ಎಲ್ಲಕ್ಕೂ ರಜೆ. ಮೊದಲು ಅದನ್ನು ನೋಡಿಕೊಂಡೇ ದಿನ ಗೊತ್ತುಮಾಡಿ. ಗುಂಪಾಗಿ ನಿಂತು ಮಾತನಾಡಲು ಅನುಮತಿ ಬೇಕು, ಪತ್ರವನ್ನು ಮುಂಚೆಯೇ ಕೊಟ್ಟಿರಿ. ಮೆಜೆಸ್ಟಿಕ್‌ನಿಂದ 365ನೇ ನಂಬರ್ ಬಸ್ಸು ನೇರ ಅಲ್ಲಿಗೇ ಹೋಗುತ್ತದೆ.

ಹೆಚ್ಚಿನವರು ಎಡವುವುದು ಚಿಟ್ಟೆಗಳ ವಿಷಯದಲ್ಲಿ. ಮೋಡ ಕವಿದ ಬೆಳಗ್ಗೆ ಮಕ್ಕಳನ್ನು ಕರೆದೊಯ್ದು, "ಒಂದೂ ಹಾರುತ್ತಿಲ್ಲವಲ್ಲ" ಎನ್ನುತ್ತಾರೆ. ಚಿಟ್ಟೆಯದು ತಣ್ಣನೆ ರಕ್ತದ ಮೈ. ಬಿಸಿಲಿಗೆ ರೆಕ್ಕೆ ಹರಡಿ ಎದೆಯ ಸ್ನಾಯು ಕಾಯಿಸಿಕೊಳ್ಳದೆ ಹಾರಲಾಗದು. ಆದ್ದರಿಂದ ಬಿಸಿಲೇರಿದ ಮೇಲೆ, ಹತ್ತೂವರೆಯಿಂದ ಹನ್ನೆರಡರೊಳಗೆ ಆ ಮಾತು ಇರಲಿ. ಆನೆಗಳ ಓಡಾಟ, ಕಾವೇರಿ ವನ್ಯಧಾಮದವರೆಗೂ ಚಾಚಿದ ಕಾಡು, 1974ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾದದ್ದು, ಇವನ್ನು ಊಟದ ನಂತರ ನೆರಳಲ್ಲಿ ಹೇಳಬಹುದು.

ಒಬ್ಬ ಮಾತುಗಾರರ ಸುತ್ತ ಹದಿನೈದು ಜನ ಸಾಕು. ಮೈಕ್ ಬೇಡವೇ ಬೇಡ, ಪ್ರಾಣಿಗಳು ಬೆದರುತ್ತವೆ. ಹದಿನೈದು ದಾಟಿದರೆ ಹಿಂದಿನವರಿಗೆ ಕೇಳಿಸದೆ ಗುಸುಗುಸು ಶುರುವಾಗುತ್ತದೆ. ಮಾತು ಇಪ್ಪತ್ತು ನಿಮಿಷ, ಪ್ರಶ್ನೆಗೆ ಹತ್ತು. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಬೇಡಿ, ಅಲ್ಲಿನ ಕೋತಿಗಳು ಕೇಳಿ ತಿನ್ನುವವಲ್ಲ!

ಕಲ್ಲಿನ ವಿಷಯವೇ ಬೇಕಿದ್ದರೆ ಲಾಲ್‌ಬಾಗ್ ಬಂಡೆಯೇ ಒಳ್ಳೆಯದು. ಸುಮಾರು 300 ಕೋಟಿ ವರ್ಷದ ಬಂಡೆ, ಮೇಲೆ ಕೆಂಪೇಗೌಡರ ಗೋಪುರ. ವಿಜ್ಞಾನ, ಇತಿಹಾಸ ಒಂದೇ ಕಡೆ ಸಿಗುತ್ತವೆ. ಮಧ್ಯಾಹ್ನ ಮಾತ್ರ ಬೇಡ, ಬಂಡೆ ಕಾದ ಹೆಂಚಾಗಿರುತ್ತದೆ.