ಮೊದಲು ಡ್ರಾಯರ್, ಕೊನೆಗೆ ಬಣ್ಣ: ಅಡುಗೆಮನೆ ಹೊಸದು ಮಾಡಿದ ಲೆಕ್ಕ

ಅಡುಗೆಮನೆ ಹೊಸದು ಮಾಡಬೇಕೆಂದ ಕೂಡಲೇ ಲ್ಯಾಮಿನೇಟ್ ಕ್ಯಾಟಲಾಗ್ ಬಿಡಿಸಿ ಕೂರುವವರೇ ಹೆಚ್ಚು. ನಾನು ಬಣ್ಣವನ್ನು ಕೊನೆಗಿಟ್ಟುಕೊಂಡೆ. ಕಟ್ಟೆಯ ಎತ್ತರ, ನೀರಿನ ಜಾಗ, ಡ್ರಾಯರಿನ ಒಳ ಅಳತೆ, ಈ ಮೂರು ತೀರ್ಮಾನವಾಗುವವರೆಗೆ ಒಂದು ಹಲಗೆಯನ್ನೂ ಕೊಯ್ಯಲಿಲ್ಲ.

ಮೊದಲು ಗೋಡೆ. ಉದ್ದದ ಗೋಡೆ ಸುಮಾರು 3 ಮೀಟರ್, ಅದಕ್ಕೆ ಮೂಲೆಯಲ್ಲಿ ಸೇರುವ ಗೋಡೆ 2.4 ಮೀಟರ್. ಉದ್ದದ ಗೋಡೆಯನ್ನು ಮೂರು ಎತ್ತರದಲ್ಲಿ ಅಳೆದಾಗ ನೆಲದ ಹತ್ತಿರ 3010 ಮಿ.ಮೀ., ಕಟ್ಟೆಯ ಮಟ್ಟದಲ್ಲಿ 3004, ತಲೆಯ ಮೇಲೆ 2998 ಬಂತು (ಮುಂದೆ ಘಟಕ ಹೇಳದ ಅಳತೆಗಳೆಲ್ಲ ಮಿ.ಮೀ.). ಲೆಕ್ಕಕ್ಕೆ ಹಿಡಿಯಬೇಕಾದ್ದು ಅತಿ ಚಿಕ್ಕದನ್ನು. ಮೂಲೆ ನೇರವಾಗಿದೆಯೇ ನೋಡಲು ಒಂದು ಗೋಡೆಯಲ್ಲಿ 600, ಇನ್ನೊಂದರಲ್ಲಿ 800 ಗುರುತು ಹಾಕಿ ಓರೆಯಾಗಿ ಅಳೆದೆ. 1000 ಬಂದರೆ ಮೂಲೆಮಟ್ಟ ಸರಿ. ಹೆಚ್ಚು ಬಂದರೆ ಮೂಲೆ ಅಗಲವಾಗಿದೆ, ಕಲ್ಲಿನ ಹಿಂದೆ ಸಂದಿ ಬೀಳುತ್ತದೆ. ಹತ್ತು ಮಿ.ಮೀ. ತನಕದ ಸಂದಿಯನ್ನು ಟೈಲ್ ಮತ್ತು ಅದರ ಅಂಟಿನ ದಪ್ಪ ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಕಲ್ಲನ್ನೇ ಓರೆಯಾಗಿ ಕೊಯ್ಸಬೇಕು.

ಕಟ್ಟೆಯ ಎತ್ತರಕ್ಕೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡುವವರ ಮೊಣಕೈಯೇ ಅಳತೆಗೋಲು. ಕೈ ಮಡಚಿದಾಗ ಮೊಣಕೈ ನೆಲದಿಂದ 1020ರಲ್ಲಿತ್ತು. ಅದರಲ್ಲಿ 130 ಕಳೆದು 890 ಇಟ್ಟೆ. ಇದು ಕಾಲು 110, ಅದರ ಮೇಲೆ ಕೂರುವ ಪ್ಲೈವುಡ್ ಪೆಟ್ಟಿಗೆ 760, ಕಟ್ಟೆಯ ಕಲ್ಲು 20 ಎಂದು ಹಂಚಿಹೋಯಿತು. ಪೆಟ್ಟಿಗೆಗೆ 760 ಸುಮ್ಮನೆ ಆರಿಸಿದ್ದಲ್ಲ. ಪ್ಲೈವುಡ್ ಹಾಳೆ 2440 × 1220. ಅದರಲ್ಲಿ 560 ಅಗಲದ ಎರಡು ಪಟ್ಟಿ, ಪ್ರತಿ ಪಟ್ಟಿಯಲ್ಲಿ 760ರ ಮೂರು ತುಂಡು, ಒಟ್ಟು ಆರು ಪಕ್ಕದ ಹಲಗೆ ಸಿಗುತ್ತವೆ. ಗರಗಸ ತಿಂದದ್ದು ಹೋಗಿ ಉಳಿಯುವ ಅಂಚಿನ ಪಟ್ಟಿಯಿಂದ ಪೆಟ್ಟಿಗೆಯ ಮೇಲಿನ 90 ಮಿ.ಮೀ. ಅಡ್ಡಪಟ್ಟಿಗಳು ಬರುತ್ತವೆ. ಪೆಟ್ಟಿಗೆಯನ್ನು 815 ಮಾಡಿದ್ದರೆ ಪಟ್ಟಿಗೆ ಎರಡೇ ತುಂಡು. ಮೂರನೆಯದಕ್ಕೆ 5 ಮಿ.ಮೀ. ಸಾಲದೆ ದೊಡ್ಡ ಚೂರೊಂದು ಮೂಲೆ ಸೇರುತ್ತಿತ್ತು.

ಎಲ್ ಆಕಾರದಲ್ಲಿ ಕೈಕೊಡುವುದು ಮೂಲೆ. ಪಕ್ಕದ ಗೋಡೆಯ ಸಾಲು ಶಟರ್ (ಪೆಟ್ಟಿಗೆಯ ಬಾಗಿಲು) ಸೇರಿ 600 ತಿನ್ನುತ್ತದೆ. ಅದರ ಪಕ್ಕಕ್ಕೇ ಡ್ರಾಯರ್ ತಾಗಿಸಿ ಇಟ್ಟರೆ ಎಳೆದಾಗ ಆ ಕಡೆಯ ಹಿಡಿಗೆ ಬಡಿಯುತ್ತದೆ. ಹಾಗಾಗಿ ನಡುವಿನ ಜಾಗ ತುಂಬುವ 50 ಮಿ.ಮೀ. ಫಿಲ್ಲರ್ ಪಟ್ಟಿ ಬೇಕೇ ಬೇಕು. 2998ರಲ್ಲಿ 650 ಹೋಗಿ 2348 ಉಳಿಯಿತು. ಸಿಂಕಿಗೆ 900, ಡ್ರಾಯರಿಗೆ 600, ಶಟರಿನ ಪೆಟ್ಟಿಗೆಗೆ 800. ಮಿಕ್ಕ 48ನ್ನು ಗೋಡೆಯ ತುದಿಯಲ್ಲಿ ಇನ್ನೊಂದು ಫಿಲ್ಲರಿಗೆ ಬಿಟ್ಟೆ. ಗೋಡೆಯ ಡೊಂಕನ್ನೆಲ್ಲ ಆ ಪಟ್ಟಿಯೇ ನುಂಗಿಕೊಳ್ಳುತ್ತದೆ.

ಈಗ ಡ್ರಾಯರ್. ಹೆಚ್ಚು ಜನ ಎಡವುವುದು ಇಲ್ಲಿ. ಹೊರಗೆ 600 ಇರುವ ಪೆಟ್ಟಿಗೆಯಲ್ಲಿ ಎರಡು ಪಕ್ಕದ 18 ಕಳೆದರೆ ಒಳಗೆ 564. ಡ್ರಾಯರ್ ಜಾರುವ ಲೋಹದ ಹಳಿಗೆ, ಅಂದರೆ ಟೆಲಿಸ್ಕೋಪಿಕ್ ಚಾನೆಲಿಗೆ, ಪ್ರತಿ ಪಕ್ಕ 13 ಬಿಟ್ಟರೆ ಡ್ರಾಯರ್ 538 ಎಂದು ಕಾಗದ ಹೇಳುತ್ತದೆ. ಆದರೆ ಒಳಗೋಡೆಗೆ ಅಂಟಿಸುವ 0.8 ಮಿ.ಮೀ. ಲ್ಯಾಮಿನೇಟ್ ಎರಡೂ ಕಡೆ ಸೇರಿ 1.6 ತಿಂದುಬಿಡುತ್ತದೆ, ಉಳಿಯುವುದು 562.4. ಆದ್ದರಿಂದ ಡ್ರಾಯರನ್ನು ಅದರ ಹೊರಮೈ ಲ್ಯಾಮಿನೇಟ್ ಸೇರಿಯೇ 536ಕ್ಕೆ ಮುಗಿಸಿದೆ. ಒಂದೂವರೆ ಮಿ.ಮೀ. ಬಿಗಿಯಾದರೆ ಚಾನೆಲ್ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ, ಮತ್ತೆ ಬಿಚ್ಚಿ ಉಜ್ಜುವುದೇ ಗತಿ. ಎರಡು ಮಿ.ಮೀ. ಸಡಿಲವಾದರೆ ಡ್ರಾಯರ್ ಗಡಗಡ ಎನ್ನುತ್ತದೆ, ತುಂಬಿದ ಮೇಲೆ ಮುಂದಕ್ಕೆ ಜೋಲುತ್ತದೆ. ಆದರೆ ಸಡಿಲಕ್ಕೆ ಮದ್ದಿದೆ: ಚಾನೆಲಿನ ಹಿಂದೆ ಲ್ಯಾಮಿನೇಟ್ ಚೂರು ಕೊಟ್ಟರೆ ಸರಿಹೋಗುತ್ತದೆ. 18 ಎಂದು ಕೊಳ್ಳುವ ಪ್ಲೈ ಕೆಲವೊಮ್ಮೆ 17.5 ಇರುತ್ತದೆ. ಕೊಯ್ಯುವ ಮುನ್ನ ದಪ್ಪ ಅಳೆಯುವ ವರ್ನಿಯರ್ ಹಾಕಿ ನೋಡಿದೆ.

ಮುಂಭಾಗದ ಹಲಗೆಗಳು ಮೇಲಿನಿಂದ 150, 250, 350. ನಡುವಿನ ಎರಡು ಸಂದಿ 3 ಮಿ.ಮೀ.ಯಂತೆ ಆರು, ಕಲ್ಲಿನ ಕೆಳಗೆ ನಾಲ್ಕು, ಕೂಡಿದರೆ 760. ನನ್ನ ಮಟ್ಟಿಗೆ ಅಡುಗೆಮನೆಯ ಅಂದ ಇರುವುದು ಈ ಸಂದಿಗಳಲ್ಲಿ. ಎಲ್ಲ ಕಡೆ ಸಮನಾದ ಮೂರು ಮಿ.ಮೀ. ಇದ್ದರೆ ಸಾದಾ ಲ್ಯಾಮಿನೇಟೂ ಎದ್ದು ಕಾಣುತ್ತದೆ. ಮರದ ಗೆರೆ ಇರುವ ಲ್ಯಾಮಿನೇಟಾದರೆ ಮೂರೂ ಮುಖಗಳನ್ನು ಒಂದೇ ಹಾಳೆಯಿಂದ ಒಂದರ ಕೆಳಗೊಂದು ಬರುವಂತೆ ಕೊಯ್ದು, ಹಿಂಬದಿಗೆ ಸಂಖ್ಯೆ ಬರೆದಿಡಬೇಕು. ಇಲ್ಲದಿದ್ದರೆ ಗೆರೆ ಕೂಡುವುದಿಲ್ಲ.

ನೀರಿನ ಕೊಳವೆ ನೆಲದಿಂದ 500ರಲ್ಲಿ, ಕೊಳೆನೀರಿನ ಬಾಯಿ 400ರಲ್ಲಿ. 200 ಆಳದ ಸಿಂಕಿನ ತಳ ಸುಮಾರು 690ಕ್ಕೆ ಬರುತ್ತದೆ, ಅದರ ಕೆಳಗೆ ವಾಸನೆ ತಡೆಯುವ ಬಾಗಿದ ಕೊಳವೆ, ಟ್ರ್ಯಾಪ್, ಕೂರಬೇಕು. ಬಾಯಿ ಮೇಲಿದ್ದರೆ ನೀರಿಗೆ ಇಳಿಜಾರು ಸಿಗದೆ ಸಿಂಕಿನಲ್ಲೇ ನಿಲ್ಲುತ್ತದೆ. ಪ್ಲೈ ಉಬ್ಬುವುದು ಮೈಯಿಂದಲ್ಲ, ಕೊಯ್ದ ಅಂಚಿನಿಂದ. ಕೊಳವೆಗಾಗಿ ಕೊರೆದ ತೂತಿನ ಒಳಅಂಚಿಗೂ ಎರಡು ಕೋಟ್ ಪೈಂಟ್ ಕೊಟ್ಟೇ ಪೆಟ್ಟಿಗೆ ಕೂರಿಸಿದೆ. ಸ್ವಿಚ್ ಬೋರ್ಡ್ 1100ರಲ್ಲಿ, ಮೇಲಿನ ಕಪಾಟಿನ ತಳ 1440ರಲ್ಲಿ.

ಕಲ್ಲಿನ ಅಳತೆಯನ್ನು ಪೆಟ್ಟಿಗೆಗಳೆಲ್ಲ ರಸಮಟ್ಟಕ್ಕೆ ಕೂತ ಮೇಲೆಯೇ ತೆಗೆಯಬೇಕು, ನಕ್ಷೆಯಿಂದ ಬೇಡ. ಒಲೆ, ಸಿಂಕುಗಳ ಕಟಿಂಗಿನ ಮೂಲೆಗಳನ್ನು ದುಂಡಗೆ ಮಾಡಿಸಿದೆ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ಇನ್ನೊಂದು ಸಣ್ಣ ಕೆಲಸವನ್ನು ಹೇಳದಿದ್ದರೆ ಯಾರೂ ಮಾಡುವುದಿಲ್ಲ: ಕಲ್ಲಿನ ಮುಂದಿನ ಅಂಚಿನ ತಳದಲ್ಲಿ, ಹತ್ತು ಮಿ.ಮೀ. ಒಳಗೆ, ಉದ್ದಕ್ಕೂ ಒಂದು ಗೀರು. ಕಟ್ಟೆಯಿಂದ ಇಳಿದ ನೀರು ಆ ಗೀರಿನ ಹತ್ತಿರ ಬಂದು ತೊಟ್ಟಿಕ್ಕುತ್ತದೆ, ಶಟರಿನ ತಲೆಗೆ ಹರಿಯುವುದಿಲ್ಲ.

ಕಟ್ಟೆಗೂ ಕಪಾಟಿಗೂ ನಡುವಿನ 550ಕ್ಕೆ, ಎರಡೂ ಗೋಡೆಯ ಉದ್ದಕ್ಕೂ, 300 × 600ರ ಟೈಲ್ ಅಡ್ಡಲಾಗಿ ಎರಡು ಸಾಲು ಹಾಕಿದೆ. ವಿಸ್ತೀರ್ಣದ ಲೆಕ್ಕದಲ್ಲಿ 17 ಸಾಕು. ಆದರೆ ಮೇಲಿನ ಸಾಲಿನಲ್ಲಿ ಕೊಯ್ದುಳಿದ ಪಟ್ಟಿ ಯಾವುದಕ್ಕೂ ಬಾರದು. ಸಾಲಿಗೆ ಒಂಬತ್ತರಂತೆ ಹದಿನೆಂಟು, ಒಡೆದರೆ ಇರಲಿ ಎಂದು ಎರಡು, ಒಟ್ಟು 20 ತರಿಸಿದೆ. ಇಡೀ ಟೈಲ್ ಕೆಳಗೆ, ಕೊಯ್ದದ್ದು ಕಪಾಟಿನ ನೆರಳಿಗೆ.

ದೀಪದ ಪಟ್ಟಿಯನ್ನು ಕಪಾಟಿನ ತಳದ ಮುಂದಿನ ಅಂಚಿಗೆ ಹಾಕಿದೆ. ಹಿಂದೆ ಗೋಡೆಗೆ ಒತ್ತಿ ಹಾಕಿದರೆ ಟೈಲ್ ಬೆಳಗುತ್ತದೆ, ಹೆಚ್ಚುವ ಹಲಗೆ ಮಬ್ಬಾಗಿಯೇ ಇರುತ್ತದೆ. ಮೀಟರಿಗೆ 12 ವಾಟ್‌ನ 24 ವೋಲ್ಟ್ ಪಟ್ಟಿ 2.3 ಮೀಟರ್ ಬೇಕಾಯಿತು, ಅಂದರೆ ಸುಮಾರು 28 ವಾಟ್. ಅದಕ್ಕೆ ವಿದ್ಯುತ್ ಒದಗಿಸುವ ಡ್ರೈವರ್ 40 ವಾಟಿನದು ಇಟ್ಟೆ. ಹೊಳಪಿನ ಕಲ್ಲಿನಲ್ಲಿ ಎಲ್‌ಇಡಿಯ ಚುಕ್ಕಿಗಳು ಸಾಲಾಗಿ ಪ್ರತಿಫಲಿಸುತ್ತವೆ, ಮೇಲೆ ಹಾಲುಬಣ್ಣದ ಮುಚ್ಚಳವಿರಲಿ.

ಕಲ್ಲು ಮತ್ತು ಟೈಲ್ ಸೇರುವಲ್ಲಿ ಟೈಲ್ ಸಂದಿಗೆ ತುಂಬುವ ಗ್ರೌಟ್ ಬೇಡ, ಅದು ಬಿರುಕು ಬಿಡುತ್ತದೆ. ಅಲ್ಲಿ 3 ಮಿ.ಮೀ. ಬಿಟ್ಟು ನ್ಯೂಟ್ರಲ್ ಸಿಲಿಕೋನ್ ತುಂಬಿದೆ. ವಿನೆಗರ್ ವಾಸನೆಯ ಸಿಲಿಕೋನ್ ಅಮೃತಶಿಲೆಯಂಥ ಕಲ್ಲನ್ನು ಕಲೆ ಮಾಡುತ್ತದೆ.

ಶಟರಿನ ಹಿಂಜ್‌ಗಳನ್ನು ಕೂರಿಸಿದ ದಿನ ಎಷ್ಟೇ ಸರಿಮಾಡಿದರೂ, ಸಾಮಾನು ತುಂಬಿ ಮೂರು ನಾಲ್ಕು ವಾರ ಕಳೆದ ಮೇಲೆ ಸಂದಿಗಳು ಓರೆಯಾಗುತ್ತವೆ. ಆಗ ಒಂದು ಸ್ಕ್ರೂಡ್ರೈವರ್ ಹಿಡಿದು ಮೊದಲು ಎತ್ತರದ ಸ್ಕ್ರೂ, ಆಮೇಲೆ ಪಕ್ಕದ್ದು, ಕೊನೆಗೆ ಒಳ-ಹೊರದ್ದು. ಈ ಕ್ರಮ ತಪ್ಪಿದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತಾ ಹೋಗುತ್ತದೆ.