ಸಾಯ್ಬೇಕು ಅನ್ಸೋ ಮಕ್ಕಳ ಫೋನಲ್ಲೇ ಸೇಫ್ಟಿ ಪ್ಲಾನ್: ನಾನು ಮಾಡೋ ರೀತಿ

ನಾನು ಹೈಸ್ಕೂಲು, ಪಿಯು ಮಕ್ಕಳ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡ್ತೀನಿ. "ಬದುಕೋದೇ ಬೇಡ ಅನ್ಸುತ್ತೆ ಮಿಸ್" ಅಂತ ಬರೋ ಮಕ್ಕಳಿಗೆ ಫೋನನ್ನ ಹೇಗೆ ಉಪಯೋಗಕ್ಕೆ ತರ್ತೀರಾ ಅಂತ ಸುಮಾರು ಟೀಚರ್‌ಗಳು ಕೇಳ್ತಿರ್ತಾರೆ, ಅದಕ್ಕೇ ಇದು.

ಫೋನ್ ಮುಟ್ಟೋ ಮುಂಚೆ ಮಾತು. "ಸಾಯ್ಬೇಕು ಅಂತ ಅನ್ಸಿದ್ಯಾ?" ಅಂತ ನೇರವಾಗೇ ಕೇಳ್ತೀನಿ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕ್ದಂಗಾಗುತ್ತೆ ಅಂತ ದೊಡ್ಡವರಿಗೆ ಭಯ, ಆದ್ರೆ ಹಾಗಾಗಲ್ಲ ಅಂತ ಅಧ್ಯಯನಗಳೂ ಹೇಳ್ತವೆ, ಕೊನೆಗೂ ಒಬ್ರು ಕೇಳಿದ್ರಲ್ಲ ಅಂತ ಮಕ್ಕಳ ಮುಖ ಹಗುರ ಆಗೋದನ್ನ ನಾನೂ ನೋಡಿದೀನಿ.

ಆಮೇಲೆ ಸೇಫ್ಟಿ ಪ್ಲಾನ್. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ರೂಪಿಸಿದ್ದು, ಕಾಗದದ ಮೇಲೆ ಬರೆಯೋ ಆರು ಹಂತ: ಕಷ್ಟ ಶುರುವಾಗೋ ಸೂಚನೆಗಳು, ನಾನೇ ಮಾಡ್ಕೋಬಹುದಾದ್ದು, ಮನಸ್ಸು ಬೇರೆ ಕಡೆ ತಿರುಗಿಸೋ ಜನ-ಜಾಗ, ಸಹಾಯ ಕೇಳೋಕೆ ಯಾರು, ಡಾಕ್ಟರ್-ಹೆಲ್ಪ್‌ಲೈನ್, ಮತ್ತೆ ಸುತ್ತಮುತ್ತ ಸುರಕ್ಷಿತ ಮಾಡ್ಕೊಳ್ಳೋದು. ಆ ತೀವ್ರವಾದ ಯೋಚನೆ ಅಲೆ ಥರ ಏರಿ ಇಳಿಯುತ್ತೆ, ಅದು ಏರಿದಾಗ ಏನ್ ಮಾಡ್ಬೇಕು ಅಂತ ಯೋಚಿಸೋ ಶಕ್ತಿ ಇರಲ್ಲ, ಅದಕ್ಕೇ ಮೊದಲೇ ಬರೆದಿಡೋದು. ಇಂಥವಕ್ಕೆ ಆಸ್ಟ್ರೇಲಿಯಾದಲ್ಲಿ ಬಿಯಾಂಡ್ ನೌ ಅಂತ ಆ್ಯಪ್ ಇದೆ, ಇಂಗ್ಲೆಂಡಲ್ಲಿ ತಮಗೆ ತಾವೇ ಗಾಯ ಮಾಡ್ಕೊಳ್ಳೋ ಮಕ್ಕಳಿಗೆ ಬ್ಲೂಐಸ್ ಅಂತ ಆ್ಯಪ್ ಇದೆ, ಅದನ್ನ ಹದಿಹರೆಯದವರ ಜೊತೆ ಕೂತೇ ಮಾಡಿದ್ದು, ಕೊಡೋದು ಚಿಕಿತ್ಸೆ ಜೊತೆಗೇ. ಆದ್ರೆ ನಮ್ಮ ಮಕ್ಕಳಿಗೆ ಇಂಗ್ಲಿಷ್ ಆ್ಯಪ್ ಆಗಿಬರಲ್ಲ. ನಾನು ಫೋನಿನ ನೋಟ್ಸ್ ಬಳಸ್ತೀನಿ, ಬರೆಯೋದು ಮಗು, ಅದರದೇ ಮಾತಲ್ಲಿ. ಒಬ್ಬ ಹುಡುಗಿ ಮೊದಲನೇ ಸೂಚನೆ ಅಂತ "ಯಾರ್ ಕರೆದ್ರೂ ಓ ಅನ್ನೋಕಾಗಲ್ಲ" ಅಂತ ಬರೆದಳು, ಯಾವ ಫಾರ್ಮಲ್ಲೂ ಇದು ಸಿಗಲ್ಲ. ಬರೆಯೋಕೆ ಬೇಜಾರಾದ್ರೆ ವಾಯ್ಸ್ ರೆಕಾರ್ಡ್, ಜೊತೆಗೆ ಇಷ್ಟದ ಒಂದಷ್ಟು ಫೋಟೋ.

ನಿಜವಾದ ತೊಡಕು ಏನಂದ್ರೆ ಫೋನ್ ಅಪ್ಪಂದೋ ಅಣ್ಣಂದೋ ಆಗಿರುತ್ತೆ, ಎಲ್ರೂ ಅದನ್ನ ಕೈಗೆತ್ಕೊಳ್ತಾರೆ. ಅದಕ್ಕೆ ಮೊದಲು ಕೇಳೋದೇ "ಫೋನ್ ಯಾರ್ ಹತ್ರ ಇರುತ್ತೆ, ರಾತ್ರಿ ಎಲ್ಲಿರುತ್ತೆ?" ಅಂತ. ಸ್ವಂತ ಫೋನ್ ಇಲ್ದಿದ್ರೆ ಪ್ಲಾನ್ ನೋಟ್‌ಬುಕ್ಕಿನ ಕೊನೇ ಹಾಳೆಗೆ ಹೋಗುತ್ತೆ, ಫೋನಲ್ಲಿ ನಂಬರ್ ಮಾತ್ರ. ರಾತ್ರಿ ಫೋನ್ ಕಿತ್ಕೊಳ್ಳೋ ಮನೆ ಆದ್ರೆ ಅಮ್ಮನ ಜೊತೆ ಕೂತು ಮಾತಾಡ್ಲೇಬೇಕು.

ನಂಬರ್ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಹೆಲ್ಪ್‌ಲೈನ್ ಟೆಲಿ ಮಾನಸ್, 14416, ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ಬರೀ ನಂಬರ್ ಕೊಟ್ಟು ಕಳಿಸಲ್ಲ. ನನ್ನ ರೂಮಲ್ಲೇ ಒಂದ್ಸಲ ಕಾಲ್ ಮಾಡಿಸ್ತೀನಿ, ಭಾಷೆ ಆರಿಸೋದು, ಆ ಕಡೆಯವರು ಏನ್ ಕೇಳ್ತಾರೆ ಅನ್ನೋದು ಎಲ್ಲ ಗೊತ್ತಾಗ್ಲಿ ಅಂತ. ಗೊತ್ತಿಲ್ಲದ ಧ್ವನಿಗೆ ನಡುರಾತ್ರಿ ಮೊದಲನೇ ಸಲ ಫೋನ್ ಮಾಡೋದು ದೊಡ್ಡವರಿಗೇ ಕಷ್ಟ ಅಲ್ವಾ. ನನ್ನ ವಾಟ್ಸಾಪಲ್ಲಿ ಆಟೋ ರಿಪ್ಲೈ ಹಾಕಿದೀನಿ, ರಾತ್ರಿ ನಾನು ನೋಡಲ್ಲ, ಈಗ್ಲೇ ಕಷ್ಟ ಇದ್ರೆ 14416, ಜೀವಕ್ಕೆ ಅಪಾಯ ಇದ್ರೆ 112 ಅಂತ. ಯಾವಾಗ್ಲೂ ಸಿಗ್ತೀನಿ ಅಂತ ಹೇಳಿ ಸಿಗದೇ ಹೋಗೋದಕ್ಕಿಂತ ಇದೇ ಪ್ರಾಮಾಣಿಕ.

ಚಾಟ್‌ಬಾಟ್ ಜೊತೆ ಮನಸಿನ ಮಾತು ಹಂಚ್ಕೊಳ್ಳೋ ಮಕ್ಕಳು ಈಗ ಸಿಕ್ತಾರೆ. ನಾನು ಬೈಯಲ್ಲ, ಅಲ್ಲಿ ಏನ್ ಬರೆದೆ ತೋರಿಸ್ತೀಯಾ ಅಂತೀನಿ, ಬಾಯಲ್ಲಿ ಹೇಳೋಕಾಗದ್ದು ಅಲ್ಲಿರುತ್ತೆ. ಆದ್ರೆ ಬಾಗಿಲು ತಟ್ಟಿ ಒಳಗೆ ಬರೋಕೆ ಅದಕ್ಕಾಗಲ್ಲ, ಪ್ಲಾನಲ್ಲಿ ಒಬ್ಬ ಮನುಷ್ಯರ ಹೆಸರು ಇರ್ಲೇಬೇಕು ಅಂತ ಹಠ ಹಿಡೀತೀನಿ.

ಜೀವಕ್ಕೆ ಅಪಾಯ ಅನ್ಸಿದ್ರೆ ಮನೆಯವರಿಗೆ ಹೇಳ್ತೀನಿ ಅಂತ ಮಗುಗೆ ಮೊದಲ ದಿನವೇ ಹೇಳಿರ್ತೀನಿ. ಅಂಥ ಹೊತ್ತಲ್ಲಿ ಒಂಟಿಯಾಗಿ ಬಿಡಲ್ಲ, ತಂದೆತಾಯಿ ಬಂದ್ಮೇಲೆ ಡಾಕ್ಟರ್ ಹತ್ರ ಕಳಿಸ್ತೀನಿ. ಮನೇಲಿ ಅಪಾಯ ತರೋ ವಸ್ತುಗಳನ್ನ ಬೀಗದೊಳಗಿಟ್ಟು ಕೀ ದೊಡ್ಡವರೇ ಇಟ್ಕೊಳ್ಳಿ ಅಂತ ಅವರಿಗೆ ಬಿಡಿಸಿ ಹೇಳ್ತೀನಿ. ಪ್ಲಾನಿನ ಆರನೇ ಹಂತ ಮಗು ಒಬ್ಬರಿಂದ ಆಗೋದಲ್ಲ.

ಎಸ್ಸೆಸ್ಸೆಲ್ಸಿ, ಪಿಯು ರಿಸಲ್ಟ್ ಬರೋ ಮುಂಚಿನ ವಾರ ಪ್ರತಿ ಮಗೂನೂ ಕರೆಸಿ ಪ್ಲಾನ್ ಮತ್ತೆ ತೆಗೆಸ್ತೀನಿ. ಅದರಲ್ಲಿ ಬರೆದಿರೋ ಗೆಳತಿ ಊರು ಬಿಟ್ಟಿರಬಹುದು, ಮಾವನ ನಂಬರ್ ಬದಲಾಗಿರಬಹುದು. ಅಲ್ಲೇ ಒಂದೊಂದಕ್ಕೂ ಕಾಲ್ ಮಾಡಿ ನೋಡಿ, ಸರಿ ಮಾಡಿ ಕಳಿಸ್ತೀನಿ.