ದೋಣಿ ಟ್ರೈಲರಿಗೆ ಟಯರ್ ಕೊಳ್ಳುವ ಮುನ್ನ

ದೋಣಿ ಸಾಗಿಸುವ ಟ್ರೈಲರಿನ ಟಯರು ಓಡಿ ಸವೆಯುವುದು ಅಪರೂಪ, ಅದು ನಿಂತಲ್ಲೇ ಹಾಳಾಗುತ್ತದೆ. ವರ್ಷದಲ್ಲಿ ಓಡುವುದು ಒಂದಷ್ಟು ದಿನ ಮಾತ್ರ. ಮನೆಯಿಂದ ಅಳಿವೆಗೆ, ಅಳಿವೆಯಿಂದ ಫೈಬರ್ ಕೆಲಸದವರ ಶೆಡ್ಡಿಗೆ, ಅಲ್ಲಿಂದ ಮತ್ತೆ ಮನೆಗೆ. ಉಳಿದ ದಿನವೆಲ್ಲ ದೋಣಿಯ ಭಾರ ಹೊತ್ತು, ಒಂದೇ ಮಗ್ಗುಲಿನ ಮೇಲೆ, ಉಪ್ಪುಗಾಳಿಗೂ ಬಿಸಿಲಿಗೂ ಮೈಯೊಡ್ಡಿ ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಬಟನ್, ಅಂದರೆ ನೆಲಕ್ಕೆ ತಾಗುವ ಮೈಮೇಲಿನ ಉಬ್ಬು, ಹೊಸದರಂತೆ ಎದ್ದು ಕಾಣುತ್ತದೆ. ಬದಿಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಕೂದಲೆಳೆಯಂಥ ಸೀಳುಗಳು ಬಾಯಿ ಬಿಡುತ್ತವೆ. ಅಂಥ ಟಯರು ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟುವ ಮೊದಲೇ ಹೆದ್ದಾರಿಯಲ್ಲಿ ಸಿಡಿದರೆ ಅಚ್ಚರಿಪಡಬೇಕಾಗಿಲ್ಲ.

ಹಾಗಾಗಿ ಹೊಸ ಟಯರು ಆರಿಸುವಾಗ ಬಟನ್ನಿನ ಚಂದ ನೋಡುವುದು ಕೊನೆಗೆ. ಮೊದಲು ನೋಡಬೇಕಾದದ್ದು ಎರಡೇ, ಎಷ್ಟು ಭಾರ ಹೊರುತ್ತದೆ ಮತ್ತು ಯಾವಾಗ ತಯಾರಾದದ್ದು.

ಭಾರದ ಲೆಕ್ಕ ಅಂದಾಜಿನಲ್ಲಿ ಹೇಳುವವರೇ ಹೆಚ್ಚು. ಅದು ಬೇಡ. ದೋಣಿ, ಇಂಜಿನ್, ಬಲೆ, ಹಗ್ಗ, ಲಂಗರು ಎಲ್ಲ ಹೇರಿದ ಟ್ರೈಲರನ್ನು ಹಾಗೇ ವೇ ಬ್ರಿಡ್ಜಿಗೆ ಒಯ್ಯಿರಿ. ಎಳೆಯುವ ಜೀಪನ್ನು ಕಳಚಿ ಟ್ರೈಲರಿನದ್ದೇ ತೂಕ ತೆಗೆಸಿ, ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ. ಸಣ್ಣಪುಟ್ಟದ್ದೆಂದು ಬಿಟ್ಟದ್ದೇ ದೊಡ್ಡ ಮೊತ್ತವಾಗುತ್ತದೆ. 20 ಲೀಟರ್ ಸೀಮೆಎಣ್ಣೆಯೇ ಸುಮಾರು 16 ಕಿಲೊ. ಮಳೆಗಾಲದಲ್ಲಿ ದೋಣಿಯ ತಳದಲ್ಲಿ ನಿಂತ ನೀರಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ. 100 ಲೀಟರ್ ನೀರು ಎಂದರೆ 100 ಕಿಲೊ.

ಎಲ್ಲ ಸೇರಿ 850 ಕಿಲೊ ಬಂತು ಎಂದಿಟ್ಟುಕೊಳ್ಳಿ. ಎರಡು ಚಕ್ರದ ಟ್ರೈಲರಾದರೆ ಒಂದೊಂದು ಟಯರಿಗೆ 425. ಹೊಂಡ ಗುಂಡಿ, ಒಂದು ಬದಿಗೆ ವಾಲುವ ಭಾರ ಎಲ್ಲ ಸೇರಿಸಿ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿಗೆ ಹಿಡಿಯಿರಿ, 510 ಆಯಿತು. ಜೀಪಿಗೆ ಸಿಕ್ಕಿಸುವ ಕೊಕ್ಕೆಯ ಮೇಲೂ ಸ್ವಲ್ಪ ಭಾರ ಬೀಳುತ್ತದೆ ನಿಜ, ಆದರೆ ಅದನ್ನು ಕಳೆಯುವ ಜಾಣತನ ಬೇಡ.

ಈಗ ಹಳೆಯ ಟಯರಿನ ಬದಿ ಒರೆಸಿ ಅಲ್ಲಿರುವ ಸಾಲನ್ನು ಓದಿ. 145/80 ಆರ್ 12 74 ಟಿ ಎಂದಿದೆ ಅನ್ನೋಣ. 145 ಎಂದರೆ ಅಗಲ, ಮಿಲಿಮೀಟರಿನಲ್ಲಿ. ಆ ಅಗಲದ ನೂರಕ್ಕೆ 80ರಷ್ಟು ಬದಿಗೋಡೆಯ ಎತ್ತರ. ಆರ್ ಎಂದರೆ ರೇಡಿಯಲ್. 12 ಇಂಚು ರಿಮ್ಮಿನ ಅಳತೆ. ಕೊನೆಯ ಟಿ ವೇಗದ ಗುರುತು, ದೋಣಿ ಎಳೆಯುವವರಿಗೆ ಅದರ ಚಿಂತೆ ಬೇಡ. ಮುಖ್ಯವಾದದ್ದು ನಡುವಿನ 74. ಅದು ಕಿಲೊ ಅಲ್ಲ, ಭಾರದ ಸೂಚ್ಯಂಕ. 74 ಇದ್ದರೆ 375 ಕಿಲೊ, 79ಕ್ಕೆ 437, 82ಕ್ಕೆ 475, 85ಕ್ಕೆ 515, 86ಕ್ಕೆ 530. ನಮ್ಮ ಲೆಕ್ಕದ ಟ್ರೈಲರಿಗೆ ಬೇಕಾದದ್ದು 85 ಅಥವಾ ಅದಕ್ಕಿಂತ ಮೇಲಿನದು. 74ರ ಎರಡು ಟಯರು ಸೇರಿದರೂ ಹೊರುವುದು 750 ಕಿಲೊ ಮಾತ್ರ.

‘ಇದು ಕಾರಿಗೆ ಹಾಕುವುದೇ ಅಲ್ವಾ ಮಾರಾಯ್ರೆ, ದೋಣಿಗೆ ಸಾಕು’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಹಗುರ ದೋಣಿಗೆ ಸಾಕು, ಸುಳ್ಳಲ್ಲ. ಆದರೆ ಕಾರಿನ ಟಯರನ್ನು ಟ್ರೈಲರಿಗೆ ಹಾಕುವುದಾದರೆ ಅದರ ಮೇಲೆ ಬರೆದ ಭಾರದಲ್ಲಿ ಹತ್ತರಲ್ಲೊಂದು ಪಾಲು ಕಳೆದು ಲೆಕ್ಕ ಹಾಕುವುದು ವಾಡಿಕೆ. ಟ್ರೈಲರ್ ತಿರುವಿನಲ್ಲಿ ತೊನೆಯುವಾಗ ಅದರ ಮೆದು ಬದಿಗೋಡೆ ಬಳುಕಿ ಬಿಸಿಯಾಗುತ್ತದೆ. ಭಾರ ಹೆಚ್ಚಿದ್ದವರಿಗೆ ಸರಕು ವಾಹನದ ಎಲ್‌ಟಿ ಟಯರು ಲೇಸು. ಟಾಟಾ ಏಸ್‌ನಂಥ ಪುಟ್ಟ ಗಾಡಿಗಳ 145 ಆರ್ 12 ಎಲ್‌ಟಿ, 8 ಪಿಆರ್ (ಪಿಆರ್ ಎಂದರೆ ಟಯರಿನ ಬಲದ ದರ್ಜೆ) ಟಯರು ಉಪ್ಪಳ, ಕುಂಬಳೆಯಂಥ ಪೇಟೆಗಳಲ್ಲೂ ಹುಡುಕಿದರೆ ಸಿಗುವಂಥದ್ದು. ವಿದೇಶಿ ವಿಡಿಯೊ ನೋಡಿ ಟ್ರೈಲರಿಗೆಂದೇ ಮಾಡಿದ ಎಸ್‌ಟಿ ಟಯರೇ ಬೇಕೆಂದು ಹಟ ಹಿಡಿದರೆ ಮಂಗಳೂರಿಡೀ ಅಲೆದು ಬರಿಗೈಲಿ ಬರಬೇಕಾದೀತು. ಎಲ್‌ಟಿ ಟಯರಿಗೆ ಗಾಳಿ ಹೆಚ್ಚು ಬೇಕು ಎಂಬುದು ನೆನಪಿರಲಿ. ಹಳೆಯ ಕಾರಿನ ರಿಮ್ಮು ಅಷ್ಟು ಒತ್ತಡ ತಡೆಯುತ್ತದೋ ಇಲ್ಲವೋ ಎಂದು ಕೇಳಿ ತಿಳಿದುಕೊಂಡೇ ಹಾಕಿಸಿ.

ಅಳತೆ ಬದಲಿಸುವವರು ಮಡ್‌ಗಾರ್ಡಿನ ಕೆಳಗೆ ಕೈ ಹಾಕಿ ನೋಡಬೇಕು. ಅಗಲದ ಟಯರು ಖಾಲಿ ಇದ್ದಾಗ ತಾಗುವುದಿಲ್ಲ, ದೋಣಿ ಹೇರಿದ ಮೇಲೆ ಪ್ರತಿ ಹೊಂಡಕ್ಕೂ ಉಜ್ಜುತ್ತದೆ. ಎತ್ತರವೂ ಬದಲಾಗುತ್ತದೆ. 145/80ರ ಬದಲು 145/70 ಹಾಕಿದರೆ ಟ್ರೈಲರ್ ಒಂದೂವರೆ ಸೆಂಟಿಮೀಟರಿನಷ್ಟು ತಗ್ಗುತ್ತದೆ. ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಬೇರೆಯದು ಎಂಬ ಹೊಂದಾಣಿಕೆ ಮಾತ್ರ ಸರ್ವಥಾ ಕೂಡದು. ಒಂದೇ ಆಕ್ಸಲಿಗೆ ಒಂದೇ ಜಾತಿಯ, ಒಂದೇ ಅಳತೆಯ ಜೋಡಿ.

ರಿಮ್ಮೂ ಹೋಗಿದ್ದರೆ ಬೋಲ್ಟಿನ ತೂತುಗಳ ಲೆಕ್ಕವಷ್ಟೇ ಸಾಲದು. ನಾಲ್ಕು ತೂತಿನದ್ದಾದರೆ ಎದುರುಬದುರು ತೂತುಗಳ ನಡುವಿನಿಂದ ನಡುವಿಗೆ ಎಷ್ಟು ಮಿಲಿಮೀಟರ್ ಎಂದು ಅಳೆದು ಬರೆದುಕೊಳ್ಳಿ. ಸುಲಭದ ಹಾದಿ, ಹಳೆಯ ರಿಮ್ಮನ್ನೇ ಅಂಗಡಿಗೆ ಒಯ್ಯುವುದು. ಟಯರು ಕೂರುವ ಅಂಚಿನಲ್ಲಿ ತುಕ್ಕು ಹಿಡಿದು ಹಕ್ಕಳೆ ಏಳುತ್ತಿದ್ದರೆ ಟ್ಯೂಬ್‌ಲೆಸ್ ಟಯರಿನಲ್ಲಿ ಗಾಳಿ ನಿಲ್ಲುವುದಿಲ್ಲ. ಒಳಗೆ ಟ್ಯೂಬು ತುರುಕಿ ಕೊಡುವವರಿದ್ದಾರೆ. ಉಪ್ಪುನೀರಿನಲ್ಲಿ ಮುಳುಗೇಳುವ ಚಕ್ರಕ್ಕೆ ಅದು ಒಂದು ಮಳೆಗಾಲದ ಉಪಾಯವಷ್ಟೆ. ರಿಮ್ಮೇ ಬದಲಿಸಿ.

ಇನ್ನು ತಾರೀಕು. ಟಯರಿನ ಬದಿಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 1925 ಎಂದಿದ್ದರೆ ಗಾಬರಿ ಬೇಡ, ಅದು 2025ರ 19ನೇ ವಾರದ್ದು. ಈ ಅಂಕಿ ಕೆಲವೊಮ್ಮೆ ಒಂದೇ ಮಗ್ಗುಲಲ್ಲಿರುತ್ತದೆ. ಚಕ್ರಕ್ಕೆ ಕೂರಿಸಿದ ಮೇಲೆ ಒಳಬದಿಗೆ ಹೋಗಿಬಿಟ್ಟರೆ ಓದಲು ನೆಲಕ್ಕೆ ಮಲಗಬೇಕಾದೀತು, ಆದ್ದರಿಂದ ಹಾಕಿಸುವ ಮೊದಲೇ ನೋಡಿ. ಜೋಡಿಯಲ್ಲಿ ಒಂದು ಹೊಸದು, ಒಂದು ಮೂರು ವರ್ಷ ಅಟ್ಟದ ಮೇಲಿದ್ದದ್ದು ಬಂದರೆ ವಾಪಸ್ ಮಾಡಿ. ನಿಮ್ಮಲ್ಲಿರುವುದಕ್ಕೆ ಆರು ವರ್ಷವಾಗಿದ್ದರೆ ಬಟನ್ ಎಷ್ಟೇ ಉಳಿದಿರಲಿ ಬದಲಿಸಿ, ಬಯಲಲ್ಲೇ ನಿಂತದ್ದಾದರೆ ಇನ್ನೂ ಮುಂಚೆ. ಕಾನೂನು ಕೇಳುವುದು 1.6 ಮಿಲಿಮೀಟರ್ ಬಟನ್ ಇರಲಿ ಎಂದಷ್ಟೇ, ವಯಸ್ಸಾದ ರಬ್ಬರಿನ ಸಂಗತಿ ಆ ಅಳತೆಯಲ್ಲಿ ತಿಳಿಯುವುದಿಲ್ಲ.

ಸವೆದದ್ದಕ್ಕೆ ಹೊಸ ಬಟನ್ ಅಂಟಿಸಿದ ರಿಸೋಲ್ ಟಯರು, ಸೆಕೆಂಡ್‌ಹ್ಯಾಂಡ್ ಟಯರು ಅಗ್ಗಕ್ಕೆ ಸಿಗುತ್ತದೆ. ತೋಟದೊಳಗೆ ಗೊಬ್ಬರ ಸಾಗಿಸುವ ಗಾಡಿಗೆ ಆದೀತು, ಹೆದ್ದಾರಿಗೆ ನನ್ನ ಮತವಿಲ್ಲ. ಐಎಸ್‌ಐ ಗುರುತು ಇದೆಯೇ ನೋಡಿ, ಬಿಲ್ಲು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟಯರಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ, ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. ಎರಡರ ಜೊತೆಗೆ ಸ್ಟೆಪ್ನಿಗೂ ಒಂದು ತೆಗೆದುಕೊಳ್ಳಿ. ಕಾರಿನ ಸ್ಟೆಪ್ನಿ ಟ್ರೈಲರಿಗೆ ಹೊಂದದಿರುವುದೇ ಹೆಚ್ಚು.

ಟಯರು ಹಾಕಿಸುವ ದಿನವೇ ವಾಲ್ವ್ ಹೊಸದಾಗಲಿ, ಬೇರಿಂಗ್ ಬಿಚ್ಚಿ ಗ್ರೀಸ್ ಆಗಲಿ. ದೂರ ಓಡಿ ಬಂದ ಬಿಸಿ ಹಬ್ ಅನ್ನು, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗವನ್ನು, ತಕ್ಷಣ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ ಸೀಲಿನ ಸಂದಿನಿಂದ ಉಪ್ಪುನೀರನ್ನು ಒಳಗೆಳೆಯುತ್ತದೆ. ಒಂದು ಚಾಯ ಕುಡಿಯುವಷ್ಟು ಹೊತ್ತು ನಿಲ್ಲಿಸಿ, ಆಮೇಲೆ ಇಳಿಸಿ. ಮೇಲೆ ಬಂದ ಕೂಡಲೇ ಸಿಹಿನೀರು ಹಾಯಿಸಿ ತೊಳೆಯಿರಿ. ಗಾಳಿ ತುಂಬುವುದು ಟಯರು ತಣ್ಣಗಿದ್ದಾಗ, ಬದಿಯಲ್ಲಿ ಬರೆದ ಗರಿಷ್ಠ ಮಿತಿಯನ್ನು ದಾಟದೆ, ಪೂರ್ತಿ ಭಾರವಿದ್ದರೆ ಅದರ ಹತ್ತಿರಕ್ಕೆ. ಕಡಿಮೆ ಗಾಳಿಯಲ್ಲಿ ಓಡಿಸುವುದೇ ಟಯರಿನ ಮೊದಲ ಶತ್ರು.

ಮಳೆಗಾಲದಲ್ಲಿ ದೋಣಿ ದಡ ಸೇರಿದ ಮೇಲೆ ಆಕ್ಸಲಿನ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರ ನೆಲದಿಂದ ಏಳುವಂತೆ ಮಾಡಿ. ಕೆಂಪುಕಲ್ಲು ಕೊಡಬೇಡಿ, ನೆನೆದಾಗ ಅಂಚು ಒಡೆದು ಜಾರುತ್ತದೆ. ಬಿಸಿಲ ತಿಂಗಳಲ್ಲಿ ಹೆಣೆದ ತೆಂಗಿನ ಮಡಲನ್ನೇ ಚಕ್ರಕ್ಕೆ ಒರಗಿಸಿದರೂ ಸಾಕು. ಹೊಸ ಟಯರು ಹಾಕಿ ಮೊದಲ ಸಲ 50 ಕಿಲೊಮೀಟರ್ ಓಡಿದ ಮೇಲೆ ಗಾಡಿ ಬದಿಗೆ ನಿಲ್ಲಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹಬ್ಬಿಗೆ ಅಂಗೈ ಇಟ್ಟು ನೋಡಿ. ಒಂದು ಬದಿ ಕೈ ಇಡಲಾಗದಷ್ಟು ಸುಡುತ್ತಿದ್ದರೆ ದೋಷ ಇರುವುದು ಹೆಚ್ಚಾಗಿ ಟಯರಿನಲ್ಲಲ್ಲ, ಬೇರಿಂಗಿನಲ್ಲಿ.